ಇಂದ್ರಾಣಿ ಆಕಳಿಸಿದ ಮಧ್ಯಾಹ್ನ

ಚಂದನ ದಂತವೈದ್ಯೆಯಾಗಬೇಕೆಂದು ಕನಸು ಕಂಡವಳಲ್ಲ. ಬೇತಮಂಗಲದ ಕೆರೆಯಾಚೆಗಿನ ಹಳ್ಳಿಯಲ್ಲಿ ಹಸು ಕಟ್ಟಿಕೊಂಡು, ಎರಡು ಹೊತ್ತೂ ಡೇರಿಗೆ ಹಾಲು ಹಾಕುವ ಮುನಿನಾರಾಯಣಪ್ಪನ ಮಗಳು ಅವಳು. ‘ದೊಡ್ಡ ಡಾಕ್ಟ್ರು’ ಆಗಬೇಕೆಂದಿದ್ದಳು. ಪರೀಕ್ಷೆಯಲ್ಲಿ ಬಂದ ರ‍್ಯಾಂಕು ಬೆಂಗಳೂರಿನ ಒಂದು ಡೆಂಟಲ್ ಕಾಲೇಜಿನ ಬಾಗಿಲವರೆಗೆ ಮಾತ್ರ ತಂದು ಬಿಟ್ಟಿತು. ಬಾಯಲ್ಲಿ ಒಂದು ಹಲ್ಲೂ ಉಳಿಯದಿದ್ದ ಅವಳ ಅಜ್ಜಿ ವೆಂಕಟರತ್ನಮ್ಮ, ಮುದ್ದೆ ಮುರಿದು ನುಂಗುತ್ತಲೇ ಕೇಳಿದ್ದಳು:

“ಅಲ್ಲು ಕೀಳೋದು ಕಲಿಯಾಕೆ ಐದು ವರ್ಸ ಬೇಕೇನಮ್ಮಾ?”

ಚಂದನಳಿಗೂ ಒಳಗೊಳಗೇ ಅದೇ ಅನುಮಾನವಿತ್ತು.

ಅದು ಕರಗಲು ಬಹಳ ಕಾಲ ಹಿಡಿಯಲಿಲ್ಲ. ಮೊದಲ ವರ್ಷ ಅವಳ ಕೈಗೆ ಒಂದು ತಲೆಬುರುಡೆ ಬಂತು. ಕೆಳದವಡೆಯ ಒಳಮೈಯಲ್ಲಿದ್ದ ಒಂದು ತೂತಿಗೆ ಸಣ್ಣ ತಂತಿ ತೂರಿಸಿದರೆ ಅದು ಮೂಳೆಯೊಳಗೇ ದಾರಿ ಹುಡುಕಿಕೊಂಡು ಹೋಗಿ ಗದ್ದದ ಪಕ್ಕದಲ್ಲಿ ಹೊರಬಂತು. ಹಲ್ಲುಗಳಿಗೂ ಕೆಳತುಟಿಗೂ ಹೋಗುವ ನರದ ಹಾದಿ ಅದು. ತಂತಿಯ ತುದಿಯನ್ನು ನೋಡುತ್ತಾ ಅವಳು ತನ್ನ ಕೆಳತುಟಿಯನ್ನು ಮುಟ್ಟಿಕೊಂಡಳು. ಹದಿನೆಂಟು ವರ್ಷ ಈ ತುಟಿ ಕಾಫಿಯ ಬಿಸಿಯನ್ನೂ ಚಳಿಗಾಲದ ಬಿರುಕನ್ನೂ ಅರಿತದ್ದು ಇಂಥದೊಂದು ಸುರಂಗದ ಮೂಲಕ ಎಂದು ಯಾರೂ ಹೇಳಿರಲಿಲ್ಲ.

ಆಮೇಲೆ ಮೇಣದ ಕಡ್ಡಿಯಲ್ಲಿ ಹಲ್ಲು ಕೆತ್ತುವ ಕೆಲಸ. ದವಡೆ ಹಲ್ಲಿನ ಒಂದೊಂದು ಉಬ್ಬೂ ಎದುರು ಹಲ್ಲಿನ ಒಂದೊಂದು ತಗ್ಗಿಗೆ ಸರಿಯಾಗಿ ಕೂರಬೇಕು. ಕೆತ್ತಿ ಕೆತ್ತಿ ಬೆರಳಿಗೆ ಬೊಬ್ಬೆ ಬಂದಾಗ, ಇದೇ ಕೆಲಸ ಒಸಡಿನೊಳಗೆ ಯಾರ ಕೈಯೂ ಇಲ್ಲದೆ ನಡೆಯುತ್ತದಲ್ಲ ಎಂದು ಅವಳಿಗೆ ಅನಿಸುತ್ತಿತ್ತು. ಶವಚ್ಛೇದನದ ಕೊಠಡಿಯಲ್ಲಿ, ಯಾರೋ ಪುಣ್ಯಾತ್ಮರು ದಾನ ಕೊಟ್ಟ ದೇಹದ ಕೆನ್ನೆಯಲ್ಲಿ ಬಿಳಿಯ ನರವೊಂದು ಹರಡಿದ ಬೆರಳುಗಳಂತೆ ಕವಲೊಡೆದದ್ದನ್ನು ಕಂಡಳು. ಈ ಮನುಷ್ಯ ನಕ್ಕದ್ದು, ಹುಬ್ಬು ಗಂಟಿಕ್ಕಿದ್ದು, ಮಗುವಿಗೆ ಮುತ್ತು ಕೊಟ್ಟದ್ದು ಎಲ್ಲವೂ ಈ ಎಳೆಗಳಿಂದಲೇ ಎಂದು ಮೇಷ್ಟ್ರು ಹೇಳಿದಾಗ ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಇಷ್ಟೆಲ್ಲ ಬೆರಗಿದ್ದರೂ ಅದು ಪುಸ್ತಕದ್ದು, ಸತ್ತವರದ್ದು. ಬದುಕಿರುವವರ ಬಾಯಿ ಏನೆಂದು ಅವಳಿಗೆ ತೋರಿಸಿದವಳು ಇಂದ್ರಾಣಿ.

ಚಂದನ ಹಾಸ್ಟೆಲಿನಲ್ಲಿದ್ದು ವಾರದ ಕೊನೆಗೆ ಊರಿಗೆ ಬರುತ್ತಿದ್ದಳು. ಸೋಮವಾರ ಬೆಳಗ್ಗೆ ಊರಿಗಾಂ ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತುವುದು. ಕೆಜಿಎಫ್‌ನ ಅರ್ಧ ಊರೇ ಆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುತ್ತದೆ. ಮೂರನೇ ವರ್ಷದಲ್ಲಿ ಒಂದು ಸೋಮವಾರ ಎದುರು ಸೀಟಿನಲ್ಲಿ ಹದಿನೆಂಟರ ಆಸುಪಾಸಿನ ಹುಡುಗಿಯೊಬ್ಬಳು ಡಬ್ಬಿ ಬಿಚ್ಚಿದಳು. ವೈಟ್‌ಫೀಲ್ಡಿನ ಗಾರ್ಮೆಂಟ್ಸಿಗೆ ಹೋಗುವವಳು. ಇಡ್ಲಿಯನ್ನು ರವೆಯಷ್ಟು ಪುಡಿ ಮಾಡಿ, ದುಪಟ್ಟಾದ ಮರೆಯಲ್ಲಿ, ಕೆನ್ನೆಯೊಳಗೆ ಬೆರಳಿಟ್ಟು ತಳ್ಳುತ್ತಿದ್ದಳು. ಹಲ್ಲುಗಳು ಒಂದರ ಮೇಲೊಂದು ಕಚ್ಚಿದಂತೆಯೇ ಇದ್ದವು. ಗದ್ದ ಒಳಕ್ಕೆ ಸರಿದು ಎಡಕ್ಕೆ ವಾಲಿತ್ತು.

ಹಿಂದಿನ ವಾರವಷ್ಟೇ ಚಂದನ ಪಾಠದಲ್ಲಿ ಓದಿದ್ದ ಮುಖ ಅದು. ಬಂಗಾರಪೇಟೆ ದಾಟುವವರೆಗೂ ಕೇಳಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಪಕ್ಕಕ್ಕೆ ಹೋಗಿ ಕೂತು ಮೆಲ್ಲಗೆ ಕೇಳಿದಳು.

“ಚಿಕ್ಕೋಳಿದ್ದಾಗ ಗದ್ದ ನೆಲಕ್ಕೆ ಬಡಿಯೋ ಹಾಗೆ ಬಿದ್ದಿದ್ದೇನಮ್ಮಾ?”

ಹುಡುಗಿ ಹಲ್ಲುಗಳ ಸಂದಿಯಿಂದಲೇ ಮಾತಾಡಿದಳು. “ಅದು ನಿಮಗೆ ಯಾರು ಹೇಳಿದ್ರಕ್ಕಾ?”

ಯಾರೂ ಹೇಳಿರಲಿಲ್ಲ, ಅವಳ ಮುಖವೇ ಹೇಳಿತ್ತು. ಮೂರು ವರ್ಷದ ಕೂಸಾಗಿದ್ದಾಗ ಇಂದ್ರಾಣಿ ಊರಿಗಾಂನಲ್ಲಿ, ಗಣಿ ಕಾರ್ಮಿಕರ ಲೈನಿನ ಮನೆಯ ಮೆಟ್ಟಿಲಿನಿಂದ ಮುಗ್ಗರಿಸಿದ್ದಳು. ಗದ್ದದ ಗಾಯಕ್ಕೆ ಹೊಲಿಗೆ ಹಾಕಿದರು, ಅದು ಒಣಗಿತು. ಆದರೆ ಏಟು ಹೋಗಿ ಸೇರಿದ್ದು ಕಿವಿಯ ಮುಂದಿನ ಕೀಲಿಗೆ. ಅಲ್ಲಿ ದವಡೆಯ ಮೂಳೆಯೂ ತಲೆಯ ಮೂಳೆಯೂ ಯಾರಿಗೂ ಗೊತ್ತಾಗದಂತೆ ನಿಧಾನವಾಗಿ ಬೆಸೆದುಕೊಂಡವು. ಬಾಯಿ ಒಂದೊಂದು ನೂಲಷ್ಟೇ ಮುಚ್ಚುತ್ತಾ ಬಂದು ಸ್ಕೂಲಿಗೆ ಸೇರುವ ಹೊತ್ತಿಗೆ ಪೂರ್ತಿ ಮುಚ್ಚಿಹೋಗಿತ್ತು. ಎಲ್ಲೋ ತೋರಿಸಿದಾಗ, ಬಾಯಿ ತೆರೆಯದವಳಿಗೆ ಮತ್ತಿನ ಮದ್ದು ಕೊಡುವುದೇ ಕಷ್ಟ ಎಂದಿದ್ದರಂತೆ. ಅಪ್ಪ ಸೆಲ್ವರಾಜ್, ಅಮ್ಮ ರಾಧ ಆ ಮಾತಿಗೆ ಹೆದರಿ, ಮಗಳು ಹೇಗಿದ್ದಾಳೋ ಹಾಗೇ ಇರಲಿ ಎಂದು ಕೈಬಿಟ್ಟಿದ್ದರು.

ಅವರ ಮನಸ್ಸು ತಿರುಗಲು ವರ್ಷವೇ ಬೇಕಾಯಿತು. ಚಂದನ ಊರಿಗೆ ಬಂದಾಗಲೆಲ್ಲ ಊರಿಗಾಂನಲ್ಲಿ ಇಳಿದು ಅವರ ಮನೆಗೆ ಹೋಗಿ ಕೂರುತ್ತಿದ್ದಳು. ಆಪರೇಷನ್ ಮಾಡಿದರೆ ಬಾಯಿ ತೆರೆಯುತ್ತದೆ ಎಂದು, ಅವರ ಮನೆಮಾತಾದ ತಮಿಳಿನಲ್ಲಿ ತನಗೆ ಬಂದಷ್ಟು, ಉಳಿದದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದಳು. ಕಡೆಗೆ ಒಪ್ಪಿದವಳು ಇಂದ್ರಾಣಿಯೇ. ಅಪ್ಪ ಅಮ್ಮ ಅವಳ ಹಿಂದೆ ಬಂದರು.

ಆಪರೇಷನ್ ದಿನ ಬರುವಷ್ಟರಲ್ಲಿ ಚಂದನ ಓದು ಮುಗಿಸಿ ಅದೇ ಕಾಲೇಜಿನ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದಳು. ಪ್ರೊಫೆಸರ್ ಶ್ರೀನಿವಾಸಪ್ಪನವರು ಅವಳನ್ನೂ ಒಳಗೆ ಸೇರಿಸಿಕೊಂಡರು. ಬಾಯಿಯಿಂದ ದಾರಿಯಿಲ್ಲದ್ದರಿಂದ, ಎಚ್ಚರವಿರುವಾಗಲೇ ಇಂದ್ರಾಣಿಯ ಮೂಗಿನಿಂದ, ತುದಿಯಲ್ಲಿ ಬೆಳಕಿರುವ ಸಣ್ಣ ಕೊಳವೆಯನ್ನು ಉಸಿರಿನ ಹಾದಿಗೆ ಇಳಿಸಿದರು. ಅಷ್ಟು ಹೊತ್ತೂ ಅವಳು ಚಂದನಳ ಕೈ ಹಿಡಿದೇ ಇದ್ದಳು. ಮದ್ದಿನ ಮತ್ತು ಹತ್ತಿದ ಮೇಲೆಯೇ ಆ ಹಿಡಿತ ಸಡಿಲವಾಯಿತು.

ಕಿವಿಯ ಮುಂದೆ ಚರ್ಮ ಬಿಡಿಸಿ ಒಳಹೋಗುವಾಗ ಶ್ರೀನಿವಾಸಪ್ಪನವರು ಮಾತು ನಿಲ್ಲಿಸಿದರು. ಹೆಣದ ಕೆನ್ನೆಯಲ್ಲಿ ಚಂದನ ಕಂಡಿದ್ದ ಆ ಬಿಳಿಯ ಎಳೆ ಇಲ್ಲೇ ಎಲ್ಲೋ ಹಾದುಹೋಗಿತ್ತು. ಅದಕ್ಕೆ ತಾಗಿದರೆ ಹುಡುಗಿಯ ಅರ್ಧ ಮುಖ ಮತ್ತೆ ನಗಲಾರದು. ಅವರು ಅದರ ಪಕ್ಕದಲ್ಲೇ, ಮಲಗಿದ ಕೂಸನ್ನು ದಾಟುವವರಂತೆ ದಾಟಿಹೋದರು. ಎರಡು ಮೂಳೆಗಳಿರಬೇಕಾದ ಕಡೆ ಒಂದೇ ಮೂಳೆ ಇತ್ತು, ಕಗ್ಗಲ್ಲಿನಂತೆ. ಅದನ್ನು ಕೊರೆದು, ನಡುವೆ ಜಾಗ ಮಾಡಿ, ಮತ್ತೆ ಬೆಸೆಯದಂತೆ ಪಕ್ಕದ ಸ್ನಾಯುವಿನ ಒಂದು ಪದರವನ್ನು ಮಧ್ಯೆ ಹಾಸಿದರು. ಆಮೇಲೆ ಚಂದನಳ ಕಡೆ ತಿರುಗಿದರು.

“ನೀನೇ ತೆಗಿಯಮ್ಮಾ, ಬಾಯಿ.”

ಅವಳು ಹಲ್ಲುಗಳ ನಡುವೆ ಸಲಕರಣೆಯನ್ನಿಟ್ಟು ಒತ್ತಿದಳು. ದವಡೆ ಮೊದಲು ಅಲುಗಲಿಲ್ಲ. ಆಮೇಲೆ ಬಂತು, ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟಲಿಲ್ಲ, ಸದ್ದೇ ಇಲ್ಲದೆ ಸುಲಭವಾಗಿ ಕೆಳಗಿಳಿಯಿತು. ದೀಪದ ಬೆಳಕು ಒಳಗೆ ಬಿತ್ತು.

ಆ ಬಾಯಿ ಕಡೆಯ ಬಾರಿ ಬೆಳಕು ಕಂಡಾಗ ಅದರಲ್ಲಿ ಹಾಲುಹಲ್ಲುಗಳಿದ್ದವು. ಅವು ಮುಚ್ಚಿದ ಬಾಯಲ್ಲೇ ಉದುರಿ, ಕತ್ತಲಲ್ಲೇ ಹೊಸ ಹಲ್ಲುಗಳು ಹುಟ್ಟಿ ಬಂದಿದ್ದವು. ಕೆಲವು ಕೊಳೆತಿದ್ದವು, ಕೆಲವು ಸೊಟ್ಟಗಾಗಿದ್ದವು. ಆದರೂ ಒಂದೊಂದೂ ತನ್ನ ಸರದಿಯಲ್ಲಿ, ತನ್ನ ಜಾಗಕ್ಕೇ ಬಂದು ನಿಂತಿತ್ತು. ದವಡೆ ಹಲ್ಲಿನ ಉಬ್ಬುಗಳು, ತಾನು ಮೇಣದಲ್ಲಿ ಕೆತ್ತಲು ಹೆಣಗಿದ ಉಬ್ಬುಗಳು, ಎಂದೂ ಏನನ್ನೂ ಅಗಿಯದೆ ಹೊಚ್ಚ ಹೊಸದಾಗಿ ಉಳಿದಿದ್ದವು. ಚಂದನಳ ಕಣ್ಣು ಮಂಜಾಯಿತು. ತಲೆ ಬಗ್ಗಿಸಿದ್ದರಿಂದ ಯಾರಿಗೂ ಕಾಣಿಸಲಿಲ್ಲ.

ಎಚ್ಚರವಾದ ಮಾರನೆಯ ದಿನ ಇಂದ್ರಾಣಿ ಕನ್ನಡಿ ಕೇಳಿದಳು. ನಾಲಿಗೆ ಹೊರಗೆ ಚಾಚಿ, ಒಳಗೆಳೆದುಕೊಂಡು, ಮತ್ತೆ ಚಾಚಿ ನೋಡಿದಳು. ತನ್ನ ನಾಲಿಗೆಯನ್ನು ಅವಳು ಬುದ್ಧಿ ತಿಳಿದಾಗಿನಿಂದ ನೋಡಿಯೇ ಇರಲಿಲ್ಲ.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಿತ್ತು. ಬಿಡಿಸಿದ ಮೂಳೆ ಮತ್ತೆ ಕೂಡಿಕೊಳ್ಳಲು ಹವಣಿಸುತ್ತಲೇ ಇರುತ್ತದೆ. ದಿನಕ್ಕೆ ಹಲವು ಬಾರಿ ಹಲ್ಲುಗಳ ನಡುವೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ತೂರಿಸಿ ಬಾಯಿಯನ್ನು ಹಿಗ್ಗಿಸಬೇಕು. ನೋವು ಜೀವ ಹಿಂಡುವಂಥದು. ಇಂದ್ರಾಣಿ ಎರಡು ಸಲ ಆಸ್ಪತ್ರೆಗೆ ಬರಲಿಲ್ಲ. ಫೋನೂ ಎತ್ತಲಿಲ್ಲ.

ಆ ಭಾನುವಾರ ಚಂದನ ಬೇತಮಂಗಲದಿಂದ ಬಸ್ಸು ಹಿಡಿದು ಊರಿಗಾಂಗೆ ಹೋದಳು. ಮಧ್ಯಾಹ್ನದ ಬಿಸಿಲಿಗೆ ಹಳೆಯ ಚಿನ್ನದ ಗಣಿಯ ಸಯನೈಡ್ ಮಣ್ಣಿನ ದಿಬ್ಬ ಕಣ್ಣಿಗೆ ಚುಚ್ಚುತ್ತಿತ್ತು. ಲೈನಿನ ಸಣ್ಣ ಮನೆಯೊಳಗೆ ಇಂದ್ರಾಣಿ ಗೋಡೆಗೊರಗಿ ಕೂತಿದ್ದಳು. ಕಡ್ಡಿಗಳ ಕಟ್ಟು ಟಿವಿಯ ಮೇಲಿತ್ತು. ರಾಧ ಮಜ್ಜಿಗೆ ತಂದಿಟ್ಟು ಬಾಗಿಲ ಬಳಿ ಕೂತಳು.

“ಕಡ್ಡಿ ಇಟ್ರೆ ಕಿವಿ ಒಳಗೆ ಬೆಂಕಿ ಇಟ್ಟಂಗಾಗ್ತದಕ್ಕಾ,” ಎಂದಳು ಇಂದ್ರಾಣಿ. “ಮೊದಲಿದ್ದಂಗೇ ಇದ್ದಿದ್ರೆ ಆಗ್ತಿತ್ತು. ನಂಗೆ ಅದು ಅಭ್ಯಾಸ ಆಗೋಗಿತ್ತು.”

ಆ ನೋವು ತನ್ನದಲ್ಲ ಎಂಬುದು ಚಂದನಳಿಗೆ ಗೊತ್ತಿತ್ತು. ಮಜ್ಜಿಗೆಯ ಲೋಟ ಕೈಗೆತ್ತಿಕೊಂಡಳು. ಫ್ಯಾನು ತಿರುಗುತ್ತಿತ್ತು. ಊಟದ ನಂತರದ ಹೊತ್ತು.

ಆಗ ಇಂದ್ರಾಣಿಯ ಮೂಗಿನ ಹೊಳ್ಳೆಗಳು ಅರಳಿದವು. ಕುತ್ತಿಗೆ ತುಸು ಹಿಂದಕ್ಕೆ ಬಾಗಿತು. ಬಾಯಿ ತಾನಾಗಿಯೇ ತೆರೆದುಕೊಳ್ಳತೊಡಗಿತು. ಕಡ್ಡಿಗಳು ಎಂದೂ ತೆರೆಸದಷ್ಟು ತೆರೆದು, ಇನ್ನೂ ತೆರೆದು, ಒಂದು ಗಳಿಗೆ ಹಾಗೇ ನಿಂತಿತು. ಗಂಟಲಿನಿಂದ ಉದ್ದವಾದೊಂದು ಉಸಿರು ಬಂತು. ಕಣ್ಣಂಚಿನಲ್ಲಿ ನೀರಾಡಿತು. ಬಾಯಿ ಮುಚ್ಚಿತು.

ಅವಳು ಹೆದರಿ ದವಡೆ ಹಿಡಿದುಕೊಂಡಳು. “ಏನಕ್ಕಾ ಆಯ್ತು ನಂಗೆ?”

“ಆಕಳಿಸ್ದೆ,” ಎಂದಳು ಚಂದನ.

ರಾಧ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಮೇಲೆ ತಮಿಳಿನಲ್ಲಿ ಮೆಲ್ಲಗೆ ಹೇಳಿದಳು: ಬೀಳುವುದಕ್ಕೆ ಮೊದಲು, ತೊಡೆಯ ಮೇಲೆ ಮಲಗಿದಾಗ ಕೂಸು ಹೀಗೇ ಆಕಳಿಸುತ್ತಿತ್ತು, ಕುತ್ತಿಗೆಯನ್ನು ಹೀಗೇ ಹಿಂದಕ್ಕೆ ಹಾಕಿ. ಹೇಳುತ್ತಿದ್ದಂತೆ ಅವಳಿಗೇ ಆಕಳಿಕೆ ಬಂತು. ಅವಳಿಂದ ಚಂದನಳಿಗೆ ಅಂಟಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು. ನಗುವಿನಲ್ಲೇ ರಾಧ ಅಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಇಂದ್ರಾಣಿ ಎದ್ದು ಟಿವಿಯ ಮೇಲಿನ ಕಡ್ಡಿಗಳನ್ನು ತಾನೇ ತೆಗೆದುಕೊಂಡು ಬಂದಳು.

ವಾಪಸು ಬರುವ ಬಸ್ಸಿನಲ್ಲಿ ಚಂದನ ಕಿಟಕಿಗೆ ತಲೆಯಾನಿಸಿ ಕೂತಳು. ಹುಟ್ಟುವ ಮೊದಲೇ, ತಾಯಿಯ ಹೊಟ್ಟೆಯಲ್ಲೇ ಮಗು ಆಕಳಿಸುತ್ತದೆ ಎಂದು ಅವಳು ಎಲ್ಲೋ ಓದಿದ್ದಳು. ಓದಿ ಪುಟ ತಿರುಗಿಸಿದ್ದಳು. ಯಾರೂ ಕಲಿಸದ, ಅಷ್ಟು ವರ್ಷ ದಾರಿ ಸಿಗದ ಆ ಒಂದು ಚಲನೆ ಮೈಯಲ್ಲಿ ಕಾದುಕೊಂಡಿತ್ತು. ದಾರಿ ಬಿಡಿಸಿಕೊಟ್ಟ ಕೂಡಲೇ ಎದ್ದು ಬಂದಿತ್ತು.

ಮನೆಗೆ ಬಂದಾಗ ಅಪ್ಪ ಹಾಲು ಕರೆಯುತ್ತಿದ್ದ. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಮುನಿನಾರಾಯಣಪ್ಪನ ಕೈ ಕೆಚ್ಚಲಿನ ಮೇಲೆ ನಿಂತಿತು.

“ಅಷ್ಟು ವರ್ಸ ಬಾಯಿ ತೆಗೀದಿದ್ರೂ ಮೈಯಿಗೆ ಅದು ಮರ್ತೋಗಿಲ್ವಾ?”

“ಇಲ್ಲಪ್ಪ.”

ಅವನು ಮೆಲುಕು ಹಾಕುತ್ತಿದ್ದ ಹಸುವಿನ ಬಾಯಿಯನ್ನೇ ಬಹಳ ಹೊತ್ತು ನೋಡಿದ. ಹಾಲು ಕರೆದು ಮುಗಿಸುವುದು ಅವತ್ತು ತಡವಾಯಿತು.

ಇಂದ್ರಾಣಿಯ ಬಾಯಿ ಈಗ ಮೂರು ಬೆರಳಗಲ ತೆರೆಯುತ್ತದೆ. ಗದ್ದವನ್ನು ಮುಂದಕ್ಕೆ ತರುವ ಇನ್ನೊಂದು ಆಪರೇಷನ್ ಬಾಕಿಯಿದೆ. ಅದಕ್ಕೆ ದಿನ ಯಾವಾಗ ಎಂದು ಅವಳೇ ಫೋನು ಮಾಡಿ ಕೇಳುತ್ತಿರುತ್ತಾಳೆ. ಚಂದನ ಡಿಗ್ರಿ ಪಡೆದು ಬಂಗಾರಪೇಟೆಯಲ್ಲಿ, ಸ್ಟೇಷನ್ ರಸ್ತೆಯ ಮಹಡಿಯ ಮೇಲಿನ ಒಂದು ಸಣ್ಣ ಕ್ಲಿನಿಕ್ಕಿಗೆ ಸೇರಿದ್ದಾಳೆ.

ಮೊದಲ ವಾರ ರಾಮಚಂದ್ರಪ್ಪ ಎಂಬ ತರಕಾರಿ ವ್ಯಾಪಾರಿ ಹಲ್ಲುನೋವೆಂದು ಬಂದರು. ಕುರ್ಚಿಗೆ ಒರಗಿ ಬಾಯಿ ತೆರೆದರು. ಯಾವ ಯೋಚನೆಯೂ ಇಲ್ಲದೆ, ಎಲ್ಲರೂ ತೆರೆಯುವಂತೆ. ದವಡೆ ಕೀಲಿನ ಮೇಲೆ ಜಾರಿ ಕೆಳಗಿಳಿಯಿತು, ನಾಲಿಗೆ ತಾನಾಗಿ ಬದಿಗೆ ಸರಿಯಿತು. ಚಂದನ ಕೈಯಲ್ಲಿ ಕನ್ನಡಿ ಹಿಡಿದು ಹಾಗೇ ನೋಡುತ್ತಾ ನಿಂತಳು. ಅವರಿಗೆ ಗಾಬರಿಯಾಯಿತು.

“ಯಾಕಮ್ಮಾ, ಎಲ್ಲಾ ಕೆಟ್ಟೋಗೈತಾ?”

“ಇಲ್ಲ, ಒಂದೇ ಒಂದು ಹಲ್ಲು,” ಎಂದಳು ಅವಳು. “ಮಿಕ್ಕಿದ್ದೆಲ್ಲಾ ಚೆನ್ನಾಗಿದೆ. ತುಂಬಾ ಚೆನ್ನಾಗಿದೆ.”