ಕೆಳಗಿನ ಕಕ್ಕಸಿನ ಬೀಗ

"ಉಚ್ಚೆ ಹೊಯ್ಯೋಕೆ ಬಂದೋಳಿಗೆ ಇಷ್ಟು ಧಿಮಾಕಾ? ನಿಂಗೆ ಕೋಣೆ ಕೊಟ್ಟಿಲ್ವಾ? ಕೋಣೇಲಿ ಕಕ್ಕಸು ಕೊಟ್ಟಿಲ್ವಾ? ಹತ್ತು, ಮೇಲೆ ಹತ್ತು!"

ಕೆಳಗಿನ ಕಕ್ಕಸಿನ ಕೀಲಿ ಕೇಳಿದ್ದಕ್ಕೆ ಮೇನೇಜರ್ ಹೀಗೆ ಬೈದದ್ದು ಇಸ್ತ್ರಿಯಕ್ಕನಿಗೆ. ಐವತ್ತು ವರ್ಷ ನಿಂತುಕೊಂಡೇ ಊರವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿ ಮಂಡಿ ಕಳೆದುಕೊಂಡವಳು. ದುಡಿದು ಸವೆದ ಮುದುಕ ಮುದುಕಿಯರಿಗೆಂದು ಕಡಿಮೆ ಬಾಡಿಗೆಗೆ ಕಟ್ಟಿಸಿದ ಈ ವಸತಿಯಲ್ಲಿ ಅವಳಿಗೆ ಸಿಕ್ಕಿದ್ದು ಮೂರನೇ ಮಹಡಿ. ಲಿಫ್ಟ್ ಇಲ್ಲ. ಒಂದೊಂದೇ ಮೆಟ್ಟಿಲ ಮೇಲೆ ಕುಂಡೆ ಊರುತ್ತಾ ಇಳಿಯಲು ಅರ್ಧ ಗಂಟೆ, ಹತ್ತಲು ಮುಕ್ಕಾಲು ಗಂಟೆ. ಅಷ್ಟರೊಳಗೆ ಆಗುವುದು ಮೆಟ್ಟಿಲ ಮೇಲೇ ಆಗಿಹೋಗುತ್ತದೆ. ಒಂದು ಸಲ ಆಗಿಯೂ ಹೋಗಿತ್ತು. ಮೇನೇಜರ್ ಅದಕ್ಕೂ ಬೈದಿದ್ದ.

ಅಂಗಳದ ಪಕ್ಕದಲ್ಲೇ ಒಂದು ಕಕ್ಕಸಿತ್ತು. ಬಿಳಿ ಟೈಲ್ಸು, ಹಿಡಿದುಕೊಳ್ಳಲು ಸ್ಟೀಲ್ ಕಂಬಿ, ಕನ್ನಡಿ. ಬಾಗಿಲ ಮೇಲೆ 'ಅತಿಥಿಗಳಿಗೆ ಮಾತ್ರ' ಎಂಬ ಬೋರ್ಡು, ಅದರ ಕೆಳಗೆ ಮುಷ್ಟಿ ಗಾತ್ರದ ಬೀಗ. ಕೀಲಿ ಮೇನೇಜರನ ಸೊಂಟದಲ್ಲಿ. ಅತಿಥಿಗಳು ಬರುತ್ತಿದ್ದದ್ದು ವರ್ಷಕ್ಕೆ ಎರಡು ಸಲ.

"ಆ ಟೈಲ್ಸ್ ಕೂರಿಸಿದೋನು ನಾನು ಕಣ್ರೋ," ಎಂದು ಬೆಂಚಿನ ಮೇಲಿದ್ದ ಗಾರೆ ತಾತ ನೂರನೇ ಸಲ ಹೇಳಿದ. "ಅದರೊಳಗೆ ಒಂದ್ಸಲ ಕೂರೋ ಯೋಗ ಮಾತ್ರ ಇಲ್ಲ."

ಪಕ್ಕದಲ್ಲಿ ಪ್ಯಾನಮ್ಮ ಇಸ್ಪೀಟಿನ ಎಲೆ ಕಲೆಸುತ್ತಿದ್ದಳು. ದೊಡ್ಡಾಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ಆಯಾ ಆಗಿ ರೋಗಿಗಳ ಮಲಮೂತ್ರದ ಪ್ಯಾನು ಹೊತ್ತವಳು. ಹಾಗಾಗಿ ಈ ಹೆಸರು. ಹುಟ್ಟಿದಾಗ ಇಟ್ಟ ಹೆಸರನ್ನು ಅವಳೇ ಮರೆತಿದ್ದಳೋ ಏನೋ. ಕಂಡವರ ಹೊಲಸು ತೊಳೆದವಳಿಗೆ ಯಾರ ಮುಂದೆಯೂ ನಾಚಿಕೆ ಇರಲಿಲ್ಲ, ಡಾಕ್ಟರುಗಳ ಮುಂದಂತೂ ಇರಲೇ ಇಲ್ಲ.

ಆ ದಿನದ ನಂತರವೂ ಇಸ್ತ್ರಿಯಕ್ಕ ಇಸ್ಪೀಟಿಗೆ ಕೆಳಗೆ ಬರುವುದನ್ನು ಬಿಡಲಿಲ್ಲ. ನೀರು ಕುಡಿಯುವುದನ್ನು ಬಿಟ್ಟಳು. ಎದ್ದಾಗ ಅರ್ಧ ಲೋಟ, ಮಲಗುವಾಗ ಅರ್ಧ ಲೋಟ, ಅಷ್ಟೇ. ತುಟಿ ಒಡೆಯಿತು. ಒಂದು ಮಧ್ಯಾಹ್ನ ಆಟದ ನಡುವೆಯೇ ಬೆಂಚಿನಿಂದ ಉರುಳಿಬಿದ್ದಳು.

"ಕಿಡ್ನಿ ಕೈ ಕೊಡುತ್ತೆ ಕಣೇ ಮುಂಡೇದೆ," ಎಂದಳು ಪ್ಯಾನಮ್ಮ, ಅವಳ ಮುಖ ಒರೆಸುತ್ತಾ. "ಎಷ್ಟು ಜನ ಹೀಗೆ ಹೋಗಿದ್ದು ನೋಡಿಲ್ಲ ನಾನು?"

"ಮೇಲೆ ಗೋಡೆ ನೋಡ್ಕೊಂಡು ಕೂತ್ರೆ ತಲೆ ಕೈ ಕೊಡುತ್ತೆ. ಎರಡರಲ್ಲಿ ಯಾವ್ದು ಹೋಗ್ಲಿ, ನೀನೇ ಹೇಳು. ಎಲೆ ಹಾಕು, ಗೆಲ್ಲೋದು ನಾನೇ."

ಪ್ಯಾನಮ್ಮ ಎಲೆ ಹಾಕಿದಳು. ಅವಳಿಗೆ ಈ ಲೋಕದಲ್ಲಿ ಉಳಿದಿದ್ದ ಒಬ್ಬಳೇ ಗೆಳತಿ ಈ ಮೋಸದಾಟದ ಮುದುಕಿ.

ಅದೇ ವಾರ ಹಿರಿಯರ ಯೋಗಕ್ಷೇಮ ವಿಭಾಗದಿಂದ ಒಬ್ಬ ಗುಮಾಸ್ತ ಫಾರ್ಮು ಹಿಡಿದು ಬಂದ. ಬರುವ ಸೋಮವಾರ ಸಾಹೇಬರು ಬರುತ್ತಾರೆ, ಅದಕ್ಕೆ ಮುಂಚೆ ಉತ್ತರಗಳು ಬೇಕು.

"ಅಜ್ಜಿ, ಕಳೆದ ತಿಂಗಳಲ್ಲಿ ಒಂಟಿತನ ಕಾಡಿದೆಯಾ? ಇಲ್ಲ, ಅಪರೂಪಕ್ಕೆ, ಆಗಾಗ, ಯಾವಾಗಲೂ?"

"ಉಚ್ಚೆ ಬರುತ್ತಾ ಅಂತ ಇದ್ಯಾ ಅದರಲ್ಲಿ?" ಎಂದಳು ಇಸ್ತ್ರಿಯಕ್ಕ.

"ಹಾಗೆಲ್ಲ ಇಲ್ಲ ಅಜ್ಜಿ."

"ಬರ್ಕೋ. ಯಾವಾಗಲೂ."

ಗುಮಾಸ್ತ ಹಿಂದೆ ನಿಂತಿದ್ದ ಮೇನೇಜರನ ಮುಖ ನೋಡಿದ. ಮೇನೇಜರ್ ತಲೆಯ ಪಕ್ಕ ಬೆರಳು ತಿರುಗಿಸಿ ತೋರಿಸಿದ. ಗುಮಾಸ್ತ 'ಇಲ್ಲ' ಎಂಬುದಕ್ಕೆ ಗುರುತು ಹಾಕಿದ.

ಸೋಮವಾರ ಬೆಳಿಗ್ಗೆ ಪ್ಯಾನಮ್ಮ ಎರಡು ಲೋಟ ನೀರು ತಂದು ಇಸ್ತ್ರಿಯಕ್ಕನ ಮುಂದಿಟ್ಟಳು.

"ಕುಡಿ."

"ಆಮೇಲೆ ಬಂದ್ರೆ?"

"ಬರ್ಲಿ ಅಂತಾನೇ. ನಾನಿದ್ದೀನಿ."

ಇಸ್ತ್ರಿಯಕ್ಕ ಔಷಧಿ ಕುಡಿದ ಹಾಗೆ ಹೆದರಿ ಹೆದರಿ ಕುಡಿದಳು.

ಅಂಗಳದಲ್ಲಿ ಶಾಮಿಯಾನ, ಮೇಜು, ಮೈಕು. ಸಾಹೇಬರು ಬಂದರು, ಮೊದಲು ಅತಿಥಿಗಳ ಕಕ್ಕಸಿಗೆ ಹೋಗಿ ಬಂದರು, ಮೇನೇಜರ್ ಮತ್ತೆ ಬೀಗ ಜಡಿದ. ಸಾಹೇಬರು ಮೈಕಿನ ಮುಂದೆ ನಿಂತು, ವೃದ್ಧಾಪ್ಯವೆಂದರೆ ಎರಡನೇ ಬಾಲ್ಯ, ನಗುನಗುತ್ತಾ ಇರಿ, ಕೋಣೆಯಿಂದ ಹೊರಗೆ ಬನ್ನಿ, ಬೆರೆಯಿರಿ ಎಂದರು. ಇಸ್ತ್ರಿಯಕ್ಕ ಮುಂದಿನ ಸಾಲಿನಲ್ಲಿ ಕಾಲಿಗೆ ಕಾಲು ಹೆಣೆದುಕೊಂಡು ಕೂತಿದ್ದಳು. ಕಣ್ಣಲ್ಲಿ ನೀರು ಬಂದಿತ್ತು. ಸಾಹೇಬರು ಅದನ್ನು ನೋಡಿ ಭಾಷಣಕ್ಕೆ ಇನ್ನಷ್ಟು ಒತ್ತು ಕೊಟ್ಟರು.

ಪ್ಯಾನಮ್ಮ ಎದ್ದು ಇಸ್ತ್ರಿಯಕ್ಕನ ಬಳಿ ಬಂದಳು. ಕಂಕುಳಲ್ಲಿ ಹಳೆಯ ಎನಾಮೆಲ್ ಪ್ಯಾನು, ಹೆಗಲ ಮೇಲೆ ಚಾದರ. ಪರದೆಯೇ ಇಲ್ಲದ ವಾರ್ಡಿನಲ್ಲಿ ಕಲಿತ ಕೆಲಸ ಅದು. ಚಾದರದ ಒಂದು ಮೂಲೆ ಹಲ್ಲಿನಲ್ಲಿ, ಇನ್ನೊಂದು ಎಡಗೈಯಲ್ಲಿ, ಪ್ಯಾನು ಬಲಗೈಯಲ್ಲಿ. ರೋಗಿಯ ಹಿಮ್ಮಡಿ ಕೂಡ ಹೊರಗೆ ಕಾಣಬಾರದು. ಗಾರೆ ತಾತ ಬಂದು ಇನ್ನೊಂದು ಬದಿ ಹಿಡಿದು, ಮರ್ಯಾದಸ್ಥನಂತೆ ಆಚೆ ತಿರುಗಿ ನಿಂತ. ಉಳಿದ ಮುದುಕಿಯರು ಸುತ್ತ ಬಂದು ನಿಂತರು.

"ಏಯ್! ಏನ್ರೇ ಅದು?" ಮೇನೇಜರ್ ಕೂಗಿದ.

ಪ್ಯಾನಮ್ಮ ಹಲ್ಲಿನಿಂದ ಚಾದರ ಬಿಡದೆಯೇ ಹೇಳಿದಳು, "ಬೆರೀತಾ ಇದೀವಿ ಸಾರ್. ನೀವು ಮುಂದುವರಿಸಿ ಸಾಹೇಬ್ರೆ."

ಸಾಹೇಬರಿಗೆ ಮಾತು ಮರೆತುಹೋಯಿತು. ಆ ಮೌನದಲ್ಲಿ ಎನಾಮೆಲ್ ಪ್ಯಾನಿನ ಸದ್ದು ಮೈಕಿಗೆ ಸಿಕ್ಕಿತು. ಎಷ್ಟೋ ದಿನದಿಂದ ತಡೆದುಕೊಂಡದ್ದು, ಬೇಗ ಮುಗಿಯಲಿಲ್ಲ. ಅಂಗಳದ ನಾಲ್ಕು ಮೂಲೆಯ ಸ್ಪೀಕರುಗಳಲ್ಲೂ ಅದೇ ಭಾಷಣ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಚಾದರ ಇಳಿಯಿತು. ಪ್ಯಾನಿನ ಮೇಲೆ ಬಟ್ಟೆ ಮುಚ್ಚಿ, ಅದನ್ನು ಹಿಡಿದು ಪ್ಯಾನಮ್ಮ ನೇರ ಮೇನೇಜರನ ಬಳಿ ಹೋದಳು.

"ಎಲ್ಲಿ ಚೆಲ್ಲಲಿ ಸಾರ್? ಮೂರು ಮಹಡಿ ಹತ್ತೋಕಾಗಲ್ಲ. ಕೈ ನಡುಗ್ತಾ ಇದೆ, ವಯಸ್ಸಾಯ್ತಲ್ಲ."

ಮೂವತ್ತನಾಲ್ಕು ವರ್ಷದಲ್ಲಿ ಒಂದು ಹನಿ ಚೆಲ್ಲದ ಕೈ ಅವನ ಬಿಳಿ ಪ್ಯಾಂಟಿನ ಹತ್ತಿರ ಗಡಗಡ ನಡುಗಿತು. ಮೇನೇಜರ್ ಓಡಿಹೋಗಿ ಬೀಗ ತೆಗೆದ. ತೆಗೆದ ಬೀಗವನ್ನು ಕೀಲಿಯ ಸಮೇತ ಅವನ ಕೈಯಿಂದ ಕಿತ್ತುಕೊಂಡು ಪ್ಯಾನಮ್ಮ ಪ್ಯಾನಿನೊಳಕ್ಕೆ ಹಾಕಿದಳು.

"ಬೇಕಾದ್ರೆ ಕೈ ಹಾಕಿ ತಗೊಳ್ಳಿ."

ಪ್ಯಾನನ್ನು ಬಾಗಿಲ ಬಳಿಯೇ ಇಟ್ಟು ಅದರ ಪಕ್ಕದಲ್ಲಿ ಕೂತಳು. ಮೇನೇಜರ್ ಕೈ ಹಾಕಲಿಲ್ಲ. "ಕೋಣೆ ಖಾಲಿ ಮಾಡಿಸ್ತೀನಿ ನಿಂದು, ನಾಳೆನೇ," ಎಂದ.

"ಮಾಡಿಸು ಮಗನೆ. ಪ್ಯಾನು ತಗೊಂಡೇ ಹೋಗ್ತೀನಿ."

ಅಷ್ಟರಲ್ಲಿ ಗಾರೆ ತಾತ ಅವರಿಬ್ಬರನ್ನೂ ದಾಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಹೊರಗೆ ಏಳೆಂಟು ಜನ ಸಾಲು ನಿಂತಿದ್ದರು. ಇಸ್ತ್ರಿಯಕ್ಕ ಕುರ್ಚಿಗಳನ್ನು ಹಿಡಿದುಕೊಂಡು ಮೇಜಿನವರೆಗೆ ನಡೆದಳು. ಸಾಹೇಬರಿಗೆಂದು ಇಟ್ಟಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ, ನಿಂತಲ್ಲೇ ಗಟಗಟನೆ ಪೂರ್ತಿ ಕುಡಿದಳು.