ಅಪ್ಪನನ್ನು ಊಟಕ್ಕೆ ಕೂರಿಸಿದ್ದು

“ಕೈ ತೊಳ್ಕೊಂಡು ಬಂದಿದೀಯಾ ತಾನೆ? ಇದು ಬಿಳಿ ಬಟ್ಟೆ ಹಾಸಿರೋ ಟೇಬಲ್ಲು ಕಣಪ್ಪಾ, ಸಿಮೆಂಟು ಕಲಸೋ ಬಾಂಡ್ಲಿ ಅಲ್ಲ.”

ರೆಸ್ಟೋರೆಂಟಿನ ಯಜಮಾನ ಇದನ್ನು ನನ್ನ ಕಿವಿಯಲ್ಲಿ ಹೇಳಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಇಡೀ ಹಾಲ್‌ಗೆ ಕೇಳುವಂತೆ ಹೇಳಿದ. ಪಕ್ಕದ ಟೇಬಲ್ಲಿನಲ್ಲಿ ಅವನದೇ ನೆಂಟರ ದಂಡು: ಷಡ್ಡಕ, ನಾದಿನಿ, ನಾದಿನಿಯ ಕತ್ತಿನಲ್ಲಿ ಹಗ್ಗದಷ್ಟು ದಪ್ಪದ ಸರ. ಎಲ್ಲರೂ ನಕ್ಕರು. ಅವರು ನಕ್ಕಿದ್ದಕ್ಕೆ ನನಗೇನೂ ಆಗಲಿಲ್ಲ. ಬಿಟ್ಟಿ ಊಟಕ್ಕೆ ಬಂದವರು ನಗಲೇಬೇಕು. ನನ್ನ ಮೈ ಉರಿದದ್ದು ಎದುರಿಗೆ ಕೂತಿದ್ದ ಅಪ್ಪನೂ ನಕ್ಕಾಗ.

“ಟೈಲ್ಸ್ ಕೆಲಸ ಅಲ್ವಾ ಯಜಮಾನ್ರೇ, ಎಷ್ಟು ಉಜ್ಜಿದ್ರೂ ಹೋಗಲ್ಲ,” ಎಂದು ನನ್ನ ಉಗುರುಗಳ ಪರವಾಗಿ ಕ್ಷಮೆ ಬೇರೆ ಕೇಳಿದ.

ನಾನು ಎದ್ದು ಒಂದು ಮಾತು ಆಡಬಹುದಿತ್ತು. ಆಡಿದ್ದರೆ ಅಪ್ಪನೂ ಏಳುತ್ತಿದ್ದ. ಅಪ್ಪ ಏಳಬಾರದು ಎಂಬ ಒಂದೇ ಕಾರಣಕ್ಕೆ ಹಲ್ಲು ಕಚ್ಚಿಕೊಂಡು ಕೂತೆ. ಅವತ್ತು ನನಗೆ ಬೇಕಿದ್ದದ್ದು ಇಷ್ಟೇ: ಅವನು ಆ ಹಾಲ್‌ನಲ್ಲಿ ಕೂತು, ಬೇರೆಯವರ ಕೈಯಲ್ಲಿ ಬಡಿಸಿಕೊಂಡು, ಬಿಸಿ ಆರುವ ಮುಂಚೆ ಒಂದು ಊಟ ಮುಗಿಸಬೇಕು.

ಇಪ್ಪತ್ತೆರಡು ವರ್ಷ ಅಪ್ಪ ಈ ಇಂಡಿಯನ್ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಬೆಂದ. ಹಾಲ್‌ನಲ್ಲಿ ಒಂದು ದಿನವೂ ಕೂತವನಲ್ಲ. ಅವನ ಊಟ ಮಧ್ಯಾಹ್ನ ನಾಲ್ಕಕ್ಕೆ, ಹಿಂಬಾಗಿಲ ಬಳಿ, ಎಣ್ಣೆ ಡಬ್ಬ ಬೋರಲು ಹಾಕಿಕೊಂಡು: ಅನ್ನ, ಬೇಳೆ, ಮುಗೀತು. ಎರಡು ತಿಂಗಳ ಹಿಂದೆ ಯಜಮಾನ “ನಿನ್ನ ಕೈ ನಿಧಾನ ಆಯ್ತು” ಎಂದು ಕಳಿಸಿಬಿಟ್ಟ. ಅಪ್ಪನ ಜಾಗಕ್ಕೆ ಸರ್ಟಿಫಿಕೇಟು ಇರುವ ಒಬ್ಬ ಬಂದ. ಒಗ್ಗರಣೆಗೆ ಕರಿಬೇವು ಬೇಕು, ಉಣ್ಣುವಾಗ ತಟ್ಟೆಯ ಅಂಚಿಗೆ. ಅಂದಿನಿಂದ ಅಪ್ಪ ಮನೆಯಲ್ಲಿ ಗೋಡೆ ನೋಡುತ್ತಾ ಕೂರುತ್ತಿದ್ದ. ಅಮ್ಮ ಈರುಳ್ಳಿ ಹೆಚ್ಚಲು ಕೂತರೆ ಮೆಲ್ಲಗೆ ಹೋಗಿ ಅವಳ ಕೈಯಿಂದ ಚಾಕು ಕಿತ್ತುಕೊಳ್ಳುತ್ತಿದ್ದ.

ಯಜಮಾನ ಅಷ್ಟು ಜಂಬದಿಂದ ಕಾಯ್ದುಕೊಳ್ಳುವ ಹಾಲ್ ನೋಡಿದರೆ ನಗು ಬರುತ್ತಿತ್ತು. ಗೋಡೆಗೆ ಅಂಟಿಸಿದ ಪ್ಲಾಸ್ಟಿಕ್ ಆನೆಗಳು, ಮೂಲೆಯಲ್ಲಿ ನೀರನ್ನೇ ಕಾಣದ ಹಿತ್ತಾಳೆ ಕೊಡ, ಸ್ಪೀಕರಿನಲ್ಲಿ ಯಾರೂ ಕೇಳದ ಸಿತಾರು. ನೆಲದ ಟೈಲ್ಸು ನಾಲ್ಕು ಕಡೆ ಟೊಳ್ಳು. ಕಾಲಿಟ್ಟಾಗಲೇ ಗೊತ್ತಾಯಿತು, ಯಾರೋ ಬೇಕಾಬಿಟ್ಟಿ ಅಂಟಿಸಿ ಹೋಗಿದ್ದರು.

ಸಪ್ಲೈಯರ್ ಮೆನು ತಂದಿಟ್ಟ. ಮದುವೆ ಆಲ್ಬಮ್ಮಿನಷ್ಟು ದಪ್ಪ. ಒಂದೊಂದು ಹೆಸರಿಗೂ ಒಂದೊಂದು ಬಿರುದು: ರಾಜರ ಕಾಲದ್ದಂತೆ, ಅಜ್ಜಿಯ ಗುಟ್ಟಂತೆ. ಯಾವ ಅಜ್ಜಿ? ಎಲ್ಲವೂ ಒಂದೇ ಹಂಡೆಯಿಂದ ಬಗ್ಗಿಸಿದ ಒಂದೇ ಗ್ರೇವಿ. ಮೇಲೆ ಕೆನೆ ಸುರಿದರೆ ರಾಜ, ಮೆಣಸು ಉದುರಿಸಿದರೆ ಅಜ್ಜಿ.

ಅಪ್ಪ ಹಾಳೆ ತಿರುವುತ್ತಾ ಬೆವರಿದ. ಅಡುಗೆಮನೆಗೆ ಚೀಟಿಯಲ್ಲಿ ಬರುತ್ತಿದ್ದದ್ದು ಬರೀ ನಂಬರು. ಇಪ್ಪತ್ತೆರಡು ವರ್ಷ ತಾನು ಮಾಡಿದ್ದರ ಹೆಸರೇ ಅವನಿಗೆ ಗೊತ್ತಿರಲಿಲ್ಲ.

“ಇಪ್ಪತ್ತೇಳು ಇನ್ನೂ ಇಪ್ಪತ್ತೇಳೇನಾ?” ಎಂದು ಸಪ್ಲೈಯರನ್ನು ಪಿಸುಮಾತಿನಲ್ಲಿ ಕೇಳಿದ.

“ಅದೇ ಉಸ್ತಾದ್. ಪನೀರು.”

“ಹಾಗಾದ್ರೆ ಅದೇ ಕೊಡು. ಅವಸರ ಇಲ್ಲ, ಬೇರೆಯವರದ್ದು ಮೊದಲು ಕಳಿಸು.”

“ಅಪ್ಪಾ, ಇವತ್ತು ನೀನೂ ಗಿರಾಕಿನೇ,” ಎಂದೆ.

“ಹೂಂ ಕಣೋ, ಮೆಲ್ಲಗೆ ಮಾತಾಡು.”

ಪನೀರು ಬಂತು, ರೋಟಿ ಬಂತು. ಅಪ್ಪ ಒಂದು ತುತ್ತು ಬಾಯಿಗಿಟ್ಟ. ಅಗಿಯುತ್ತಿದ್ದವನು ನಿಲ್ಲಿಸಿದ.

“ಈರುಳ್ಳಿ ಹಸಿ ಇದೆ.”

“ಇರ್ಲಿ, ತಿನ್ನು.”

“ಆ ಹೊಸಬ ಉರಿ ಜಾಸ್ತಿ ಇಡ್ತಾನೆ ಕಣೋ. ಹೊರಗೆ ಕೆಂಪಾಗತ್ತೆ, ಒಳಗೆ ಬೆಂದಿರಲ್ಲ. ಈಗ್ಲೂ ಒಂದು ಲೋಟ ಬಿಸಿನೀರು ಹಾಕಿ ಮುಚ್ಚಿಟ್ರೆ...”

ಪಕ್ಕದಲ್ಲಿ ಷಡ್ಡಕ ಅದೇ ಗ್ರೇವಿಯನ್ನು ಬಾಯಿ ತುಂಬಿಕೊಂಡು “ಅದ್ಭುತ, ಅದ್ಭುತ” ಎನ್ನುತ್ತಿದ್ದ. ಬಿಟ್ಟಿ ಸಿಕ್ಕರೆ ಗೋಡೆಯ ಸುಣ್ಣವೂ ಅದ್ಭುತವೇ. ಆದರೆ ಕಿಟಕಿ ಪಕ್ಕದಲ್ಲಿ ಕೂತಿದ್ದವರು ದುಡ್ಡು ಕೊಟ್ಟು ತಿನ್ನುವವರು. ಎರಡು ಬಟ್ಟಲು ವಾಪಸ್ ಕಳಿಸಿದರು. ಯಜಮಾನ ಅವರಿಗೆ ಹಲ್ಲು ಕಿರಿದು ಒಳಗೆ ಓಡಿದ. ಒಳಗಿಂದ ಅವನ ಕೂಗಾಟ ಸಿತಾರಿಗಿಂತ ಜೋರಾಗಿ ಕೇಳಿಸಿತು.

ಟೇಬಲ್ಲಿನ ಕೆಳಗೆ ಅಪ್ಪನ ಕಾಲು ಕುಣಿಯತೊಡಗಿತು.

“ಹಾಳಾಗಿ ಹೋಗ್ಲಿ ಬಿಡು,” ಎಂದೆ. “ನಿನ್ನನ್ನ ಓಡಿಸಿದೋರ ಗ್ರೇವಿ ನಿನಗ್ಯಾಕೆ?”

“ಊಟಕ್ಕೆ ಬಂದೋರು ಹಸ್ಕೊಂಡು ಕೂತಿದಾರಲ್ಲೋ.”

“ನೀನೂ ಊಟಕ್ಕೆ ಬಂದೋನೇ!”

“ಈ ರೋಟಿ ಜಿಡ್ಡು, ಕೈ ತೊಳ್ಕೊಂಡು ಬರ್ತೀನಿ,” ಎಂದು ಎದ್ದ. ಒಂದೇ ಒಂದು ತುತ್ತು ತಿಂದಿದ್ದ. ಕೈ ತೊಳೆಯುವ ಜಾಗ ಎಡಕ್ಕಿತ್ತು. ಅವನು ಬಲಕ್ಕೆ ತಿರುಗಿದ.

ನಾನು ಕಾದೆ. ಅವನ ಬಟ್ಟಲಿನ ಮೇಲೆ ಕೆನೆ ಕಟ್ಟಿತು. ರೋಟಿ ಚಪ್ಪಲಿಯಾಯಿತು. ಕೊನೆಗೆ ನಾನೇ ಎದ್ದು ಅಡುಗೆಮನೆಯ ಬಾಗಿಲು ತಳ್ಳಿದೆ.

ಅಪ್ಪ ಯಾರದ್ದೋ ಏಪ್ರನ್ ಕಟ್ಟಿಕೊಂಡು ಒಲೆಯ ಮುಂದೆ ನಿಂತಿದ್ದ. ಹಬ್ಬಕ್ಕೆಂದು ಇಟ್ಟಿದ್ದ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ್ದ. ಸರ್ಟಿಫಿಕೇಟಿನವನು ಮೂಲೆಯಲ್ಲಿ ಮುಖ ಊದಿಸಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದ. ಯಜಮಾನ ನನ್ನನ್ನು ನೋಡಿದವನೇ ಎಲ್ಲರಿಗೂ ಕೇಳುವಂತೆ ಹೇಳಿದ:

“ನೋಡಿದ್ಯಾ? ನೀರಲ್ಲಿರೋ ಮೀನನ್ನ ತಂದು ಕುರ್ಚಿ ಮೇಲೆ ಕೂರಿಸಿದ್ಯಲ್ಲೋ!”

ಅಪ್ಪ ಮತ್ತೆ ನಕ್ಕ. ಹಂಡೆಯೊಳಗೆ ಮುಖ ಹಾಕಿಕೊಂಡೇ ನಕ್ಕ.

“ಅವರು ಕರೆದ್ರಾ?” ಎಂದು ಅಪ್ಪನನ್ನು ಕೇಳಿದೆ.

“ಕರೀಬೇಕಾ? ನಾನೇ ಬಂದೆ.” ಸೌಟಿನಿಂದ ತಳ ಕೆದಕಿ ಮೂಸಿ ನೋಡಿದ. “ನೋಡು, ಬಿಸಿನೀರು ಹಾಕಿದ್ದಕ್ಕೆ ಹೇಗೆ ಬಂತು.”

“ನಿನ್ನ ಊಟ ಆರಿಹೋಯ್ತು ಅಪ್ಪಾ. ಬಾ.”

“ನಂದೇನು ಬಿಡೋ, ನಾಲ್ಕು ಗಂಟೆಗೆ ಎರಡು ತುತ್ತು ಅನ್ನ ತಿಂದ್ರಾಯ್ತು.” ದನಿ ತಗ್ಗಿಸಿದ. ಗುಟ್ಟು ಹೇಳುವ ಹುಡುಗನಂತೆ ಕಣ್ಣು ಅರಳಿಸಿದ. “ನಾಳೆನೂ ಬಾ ಅಂದ್ರು ಕಣೋ.”

ಎರಡು ತಿಂಗಳಿಂದ ಮನೆಯಲ್ಲಿ ಯಾರೂ ನೋಡದಿದ್ದ ಮುಖ ಅದು. ಒದ್ದ ಕಾಲನ್ನೇ ಒತ್ತುವವನಿಗೆ ಇಷ್ಟು ಖುಷಿ ಎಲ್ಲಿಂದ ಬರುತ್ತದೋ! ನನಗೆ ಯಜಮಾನನ ಮೇಲೆ ಸಿಟ್ಟೇ ಉಳಿಯಲಿಲ್ಲ. ಅವನು ಬಾಗಿದ ಬೆನ್ನಿನ ಮೇಲೆ ಕೂರುವವನು, ಕೂತ. ಬೆನ್ನು ಬಗ್ಗಿಸಿದವನು ನನ್ನಪ್ಪ. ಆ ಬೆನ್ನನ್ನು ಇನ್ನು ನೋಡಲಾರೆ ಅನ್ನಿಸಿತು.

“ಒಂದು ಗಂಟೆ ಆಗತ್ತೇನೋ,” ಎಂದ ಅಪ್ಪ, ಉಪ್ಪಿನ ಡಬ್ಬಕ್ಕೆ ಕೈ ಚಾಚುತ್ತಾ. “ಹೊರಗೆ ಕೂತಿರು. ಕಾಯ್ತೀಯಾ ಮಗಾ?”

ನಾನು ತಿರುಗಿ, ಟೇಬಲ್ಲುಗಳ ನಡುವೆ ಹಾದು, ಬೀದಿಗೆ ಇಳಿದು ನಡೆದುಬಿಟ್ಟೆ.