ಗುಟ್ಟಪ್ಪನ ಒಂಬತ್ತು ಶೀಶೆಗಳು

ಕೃತಕ ಕಣ್ಣು ತಯಾರಿಸುವ ಆ ಕಾರ್ಖಾನೆ ಎಂದರೆ ಮೂರೇ ಕೋಣೆ. ಉದ್ದನೆಯ ಮೇಜಿನ ಮೇಲೆ ಹತ್ತಿ ಹಾಸಿ ಇಟ್ಟ ನಲವತ್ತು ಐವತ್ತು ಕಣ್ಣುಗಳು ರೆಪ್ಪೆ ಬಡಿಯದೆ ಸೂರು ನೋಡುತ್ತಾ ಮಲಗಿರುತ್ತಿದ್ದವು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದಿಳಿದು ಮೇಜಿನುದ್ದಕ್ಕೂ ಸರಿಯುವಾಗ ಒಂದೊಂದಕ್ಕೇ ಎಚ್ಚರವಾದಂತೆ ಕಾಣುತ್ತಿತ್ತು. ಹೊಸಬರು ಹೆದರುತ್ತಿದ್ದರು. ಪಾಲಿಶ್ ಮಾಡುವವಳಿಗೆ ಮೂರು ವರ್ಷದಲ್ಲಿ ಅದು ಅಭ್ಯಾಸವಾಗಿತ್ತು.

ಅಭ್ಯಾಸವಾಗದೆ ಉಳಿದದ್ದು ಗುಟ್ಟಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು ಬಿಡಿ. ವೈದ್ಯರು ಚೀಟಿಯಲ್ಲಿ ಬರೆದು ಕಳಿಸಿದ ಬಣ್ಣವನ್ನು ಬೆರೆಸಿ ಪಾಪೆಯ ಸುತ್ತ ತುಂಬುವ ವಿದ್ಯೆ ಆ ಮುದುಕನಿಗೆ ಮಾತ್ರ ಗೊತ್ತು. ಪರದೆ ಎಳೆದುಕೊಂಡೇ ಕೂರುವನು, ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವಂತೆ. ಮಾಲೀಕನೂ ಅವನೆದುರು ಬಾಲ ಮುದುರುತ್ತಿದ್ದ. "ನಿಂದು ಉಜ್ಜೋ ಕೆಲಸ. ಉಜ್ಜು." ಅವಳಿಗೆ ಸಿಕ್ಕ ಪಾಠ ಇಷ್ಟೇ.

ಅವಳ ಅಮ್ಮನಿಗೆ ಎಡಗಣ್ಣು ಹೋಗಿ ಆರು ವರ್ಷವಾಗಿತ್ತು. ಅಂದಿನಿಂದ ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು, ಮನೆಯವರಿಗೂ ಮುಖ ಕೊಡದೆ, ಕಿಟಕಿಯ ಕಡೆ ತಿರುಗಿಯೇ ಕೂರುತ್ತಿದ್ದಳು. ಆ ಒಂದು ಕಣ್ಣಿಗಾಗಿಯೇ ಮಗಳು ಈ ಕೆಲಸಕ್ಕೆ ಸೇರಿದ್ದು. "ಚೀಟಿ ಯಾಕೆ, ಅಮ್ಮನ್ನೇ ಕರ್ಕೊಂಡು ಬರ್ತೀನಿ, ನೋಡಿ ಮಾಡಿ" ಎಂದರೆ, ಗುಟ್ಟಪ್ಪ "ಮುಂದಿನ ತಿಂಗಳು" ಎನ್ನುತ್ತಾ ವರ್ಷ ದಾಟಿಸಿದ್ದ. ಮಾಡಿಕೊಟ್ಟರೆ ಇವನ ಗಂಟೇನು ಹೋಗುತ್ತಿತ್ತು?

ಒಂದು ದಿನ ಅವನು ಊಟಕ್ಕೆ ಹೋದಾಗ ಅವಳು ಪರದೆಯೊಳಗೆ ನುಗ್ಗಿಯೇಬಿಟ್ಟಳು. ಒಂಬತ್ತು ಬಣ್ಣದ ಶೀಶೆ, ಒಂದಕ್ಕೂ ಹೆಸರಿಲ್ಲ. ಪ್ರತಿಯೊಂದರ ಕೊರಳಿಗೂ ದಾರ, ದಾರಕ್ಕೆ ಗಂಟು. ಒಂದಕ್ಕೆ ಎರಡು, ಇನ್ನೊಂದಕ್ಕೆ ಏಳು. ಗಾಜಿಗೆಲ್ಲ ಬೆರಳಿನ ಕೊಳೆ ಮೆತ್ತಿತ್ತು. ಮೂರು ವರ್ಷ ಉಜ್ಜಿದ ಕೈ ಸುಮ್ಮನಿದ್ದೀತೇ? ಯಾವ ಲೋಕದಲ್ಲಿದ್ದಳೋ, ದಾರ ಕಳಚಿಟ್ಟು ಒಂಬತ್ತನ್ನೂ ಫಳಫಳ ಹೊಳೆಯಿಸಿಬಿಟ್ಟಳು. ಆಮೇಲೆ ದಾರಗಳ ಕಡೆ ನೋಡಿದಳು. ಯಾವ ದಾರ ಯಾವ ಶೀಶೆಯದು? ಗಂಟು ಹೆಚ್ಚಾದಷ್ಟೂ ಬಣ್ಣ ಗಾಢವಿರಬೇಕೆಂದು ತಾನೇ ಊಹಿಸಿ, ಕಟ್ಟಿ, ಹೊರಗೆ ಬಂದಳು.

ಊಟ ಮುಗಿಸಿ ಬಂದ ಗುಟ್ಟಪ್ಪ ಎರಡು ತಾಸು ಕೂತು, ಅಂದೇಕೋ ತಾನಾಗಿ ಪರದೆ ಸರಿಸಿ, ಬೆರಳ ತುದಿಯಲ್ಲಿ ಹೊಸ ಕಣ್ಣೊಂದನ್ನು ಹಿಡಿದು ಕಿಟಕಿಯ ಬಳಿ ಬಂದ.

"ನೋಡು. ಚೀಟಿ ಬಂದಿತ್ತಲ್ಲ, ಆ ಮೇಷ್ಟ್ರದ್ದು. ಅಪ್ಪಟ ಕಂದು. ಇದನ್ನ ಯಾರೂ ಕಲಿಸೋಕಾಗಲ್ಲ."

ಕಣ್ಣು ಹಸಿರಾಗಿತ್ತು. ಬಿಸಿಲಲ್ಲಿ ಇನ್ನೂ ಹಸಿರಾಗಿತ್ತು. ಮುದುಕ ಅದನ್ನೇ ನೋಡುತ್ತಾ ನಗುತ್ತಿದ್ದ.

ಅವಳಿಗೆ ಎಲ್ಲ ಅರ್ಥವಾಯಿತು. ಇವನ ಕಣ್ಣಿಗೆ ಬಣ್ಣ ತಿಳಿಯುವುದು ಎಂದೋ ನಿಂತಿತ್ತು. ಬೆರಳು ಗಂಟು ಎಣಿಸುತ್ತಿತ್ತು, ಅಷ್ಟೇ. ಪಕ್ಕದ ಕೋಣೆಯಲ್ಲಿ ಮಾಲೀಕನಿದ್ದ. ಒಂದು ಕೂಗು ಹಾಕಿದ್ದರೆ ಮುದುಕನ ಕಥೆ ಮುಗಿಯುತ್ತಿತ್ತು. ಮೂರು ವರ್ಷದ ಸಿಟ್ಟು ಆ ನಗು ನೋಡಿ ಕರಗಿತು. ಅಯ್ಯೋ ಪಾಪ ಅನ್ನಿಸಿತು ಅವಳಿಗೆ, ನಿಜವಾಗಿಯೂ.

"ದಾರ ನಾನು ಬಿಚ್ಚಿದ್ದೆ" ಎಂದಳು ಮೆಲ್ಲಗೆ. "ಅದು ಹಸಿರಾಗಿದೆ."

ಅವನು ಆ ಕಣ್ಣನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿದ. ಬಿಸಿಲು ಮೇಜಿನ ಕೊನೆಯ ಕಣ್ಣಿಗೆ ಬಂದು ನಿಂತಿತ್ತು.

"ಎಷ್ಟು ಹಸಿರು?"

"ನೀರಿನ ತೊಟ್ಟಿಯ ಪಾಚಿಯಷ್ಟು."

ಅವನು ಪರದೆಯೊಳಗಿನ ಸ್ಟೂಲಿನ ಪಕ್ಕಕ್ಕೆ ಇನ್ನೊಂದು ಸ್ಟೂಲು ಎಳೆದ. "ಯಾವುದಕ್ಕೆ ಯಾವುದು ಎಷ್ಟು ಬೆರೆಸ್ಬೇಕು ಅಂತ ನಾನು ಹೇಳ್ತೀನಿ. ನೋಡೋಳು ನೀನು. ಮೊದ್ಲು ನಿಮ್ಮಮ್ಮಂದೇ ಆಗ್ಲಿ. ಹೇಳು, ಇರೋ ಕಣ್ಣು ಯಾವ ಬಣ್ಣ?"

"ಗೊತ್ತಿಲ್ಲ" ಎಂದಳು ಅವಳು. ಆರು ವರ್ಷದಿಂದ ಇಲ್ಲದ ಕಣ್ಣಿನದೇ ಧ್ಯಾನ. ಇದ್ದ ಕಣ್ಣನ್ನು ಅವಳು ನೋಡಿಯೇ ಇರಲಿಲ್ಲ.

"ಹೋಗಿ ನೋಡ್ಕೊಂಡು ಬಾ" ಎಂದ ಮುದುಕ. "ನಾನು ಇಲ್ಲೇ ಇರ್ತೀನಿ."

ಹೊತ್ತಲ್ಲದ ಹೊತ್ತಿನಲ್ಲಿ ಮಗಳು ಬಂದದ್ದು ಕೇಳಿ ಅಮ್ಮ ಕಿಟಕಿಯಿಂದ ಮುಖ ತಿರುಗಿಸದೆಯೇ ಕೇಳಿದಳು, "ಏನೇ, ಕೆಲಸ ಹೋಯ್ತಾ?"

"ಇಲ್ಲಮ್ಮ, ಈಗ ಸಿಕ್ತು" ಎಂದು ಅವಳು ಎದುರಿಗೆ ಕೂತು ಕನ್ನಡಕಕ್ಕೆ ಕೈ ಚಾಚಿದಳು. "ಸ್ವಲ್ಪ ಈ ಕಡೆ ನೋಡು."